ಉಡಿಗೆ ಬಿದ್ದ ಗೋದಿ

ತಂದದ್ದರ ಮೇಲೆ ಒಂದು ಹಿಡಿ ಹೆಚ್ಚಿಗೆ ಹಾಕಿ ಹೊಳ್ಳಿ ಕೊಡುವುದು ವಾಗದರಿಯ ಸುಗಲಾಬಾಯಿಯ ಪದ್ಧತಿ. ನೆರೆಮನೆಯಿಂದ ಒಂದು ಬಟ್ಟಲು ಸಕ್ಕರೆ ತಂದಳೆಂದರೆ ತಿರುಗಿ ಕೊಡುವಾಗ ಬಟ್ಟಲಿನ ಮೇಲೆ ಗುಡ್ಡ ಕಟ್ಟಿ, ಅಂಗಳದುದ್ದಕ್ಕೂ ಚೆಲ್ಲಿಕೊಂಡೇ ಹೋಗುತ್ತಿದ್ದಳು. ಓಣಿಯ ಹೆಂಗಸರಿಗೆ ಇದು ಗೊತ್ತಿತ್ತು. "ಸುಗಲಕ್ಕಾ, ಸಕ್ರಿ ತೀರೇತೇನ? ನಮ್ಮನ್ಯಾಂದ ಒಯ್ಯವಾ" ಎಂದು ತಾವಾಗಿಯೇ ಬಟ್ಟಲು ಹಿಡಿದು ಬರುತ್ತಿದ್ದರು.

ಇಂಥವಳಿಗೆ ಜಗತ್ತಿನಲ್ಲಿ ಸರಿಜೋಡಿ ಅಂತ ಸಿಕ್ಕವಳು ಒಬ್ಬಳೇ, ಸೊಲ್ಲಾಪುರದ ಉಮಾಬಾಯಿ. ಅವಳ ಗಂಡನದು ಅಡತಿ ಅಂಗಡಿ. ಸುಗಲಾಬಾಯಿಯ ಹೊಲದ ಜೋಳ, ತೊಗರಿ ಎಲ್ಲ ಅಲ್ಲಿಗೇ ಹೋಗುವುದು. ಗಂಡಸರ ನಡುವೆ ವ್ಯಾಪಾರವಾದರೆ ಹೆಂಗಸರ ನಡುವೆ ಉಡಿ. ಇವಳು ಅಲ್ಲಿಗೆ ಹೋದರೆ ಅವಳು ಉಡಿ ತುಂಬಿ ಕಳಿಸಬೇಕು, ಅವಳು ಇಲ್ಲಿಗೆ ಬಂದರೆ ಇವಳು. ಸೆರಗಿನಲ್ಲಿ ಒಂದು ಕುಪ್ಪಸದ ಖಣ, ತೆಂಗಿನಕಾಯಿ, ಅರಿಷಿಣದ ಕೊಂಬು, ಅದರ ಮೇಲೆ ಐದು ಬೊಗಸೆ ಗೋದಿ. ಹೋದ ಶ್ರಾವಣದಲ್ಲಿ ಉಮಾಬಾಯಿ ಎಂಥ ಬೊಗಸೆ ಹಾಕಿದ್ದಳೆಂದರೆ, ಸುಗಲಾಬಾಯಿ ಸೆರಗನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಸ್ ಸ್ಟ್ಯಾಂಡಿನ ತನಕ ಬಾಗಿಕೊಂಡೇ ನಡೆದಿದ್ದಳು. ನಡುವಿನ ನೋವು ಮರುದಿನ ಹೋಯಿತು. ಸೋತೆನಲ್ಲ ಎಂಬ ನೋವು ಹೋಗಿರಲಿಲ್ಲ.

ಇನ್ನು ಅವಳ ಮೈದುನ ಸಾತಲಿಂಗಪ್ಪ. ಅತ್ತೆ ತೀರಿಕೊಂಡ ಮೇಲೆ ಅವನನ್ನು ಉಣಿಸಿ, ಬೈದು, ಸಾಲೆಗೆ ಅಟ್ಟಿ ದೊಡ್ಡವನನ್ನು ಮಾಡಿದವಳು ಇವಳೇ. ಕೃಷಿ ಕಾಲೇಜು ಮುಗಿಸಿ, ಪುಣೆಯ ಆಚೆ ಒಂದು ಸರ್ಕಾರಿ ಗೋದಿ ಫಾರ್ಮಿನಲ್ಲಿ ನೌಕರಿಗೆ ಹತ್ತಿದ್ದ. ಅಲ್ಲಿ ಅವನು ಏನು ಮಾಡುತ್ತಾನೆಂದು ನೋಡಲು ಒಮ್ಮೆ ಹೋಗಿದ್ದಳು. ತೆನೆಯೊಳಗಿನ ಗಂಡು ಕೇಸರಗಳನ್ನು ಚಿಮಟಿಯಿಂದ ಒಂದೊಂದೇ ಕಿತ್ತು, ತೆನೆಗೆ ಕಾಗದದ ಚೀಲ ತೊಡಿಸಿ, ಆಮೇಲೆ ಬೇರೆ ಗೋದಿಯ ಪರಾಗ ತಂದು ಅದರ ಮೇಲೆ ಉದುರಿಸುತ್ತಿದ್ದ. ಸುಗಲಾಬಾಯಿ ಊರಿಗೆ ಬಂದು ಬಾವಿಯ ಹತ್ತಿರ ವರದಿ ಒಪ್ಪಿಸಿದಳು: "ನಮ್ಮ ಮೈದುನಂದು ಗೋದಿ ಲಗ್ನಾ ಮಾಡ್ಸೂ ನೌಕರಿ. ಮದುಮಗಳಿಗೆ ಕಾಗದದ ಬುರಕಿ ಹಾಕ್ತಾನ. ಬಾಜಾ ಇಲ್ಲ, ಊಟಾ ಇಲ್ಲ."

ಈ ಲಗ್ನಗಳು ಯಾಕೆ ಎಂಬುದನ್ನೂ ಅವನು ವೈನಿಗೆ, ಅಂದರೆ ಅತ್ತಿಗೆಗೆ, ಬಿಡಿಸಿ ಹೇಳಿದ್ದ. ಗೋದಿಯಲ್ಲಿ ರಕ್ತಕ್ಕೆ ಬೇಕಾದ ಕಬ್ಬಿಣದ ಅಂಶ ಇದೆ. ಆದರೆ ಅದೇ ಕಾಳಿನ ಹೊಟ್ಟಿನಲ್ಲಿ ಫೈಟಿಕ್ ಆಸಿಡ್ ಎಂಬುದೂ ಇದೆ. ನಾವು ತಿಂದ ಮೇಲೆ ಅದು ಕಬ್ಬಿಣವನ್ನು ಗಟ್ಟಿಯಾಗಿ ಹಿಡಿದುಕೊಂಡು ಮೈಗೆ ಹತ್ತಗೊಡುವುದಿಲ್ಲ.

"ಅಂದ್ರ ಕಂಜೂಸ," ಎಂದಳು ಸುಗಲಾಬಾಯಿ. "ಮನ್ಯಾಗ ಎಲ್ಲಾ ಐತಿ, ಯಾರಿಗೂ ಕೊಡಂಗಿಲ್ಲ."

"ಬರೋಬ್ಬರಿ ಅಂದ್ರಿ ವೈನಿ. ಆ ಕಂಜೂಸತನ ಕಮ್ಮಿ ಇದ್ದ ಗೋದಿ ಮಾಡಾಕತ್ತೀನಿ."

"ಹೊಟ್ಟ ಸಾಣಿಸಿ ಚೆಲ್ಲಿದ್ರ ಆತಲ್ಲೋ ತಮ್ಮಾ."

"ಕಬ್ಬಣಾನೂ ಅಲ್ಲೇ ಐತ್ರಿ. ಹೊಟ್ಟಿನ ಜೋಡಿ ಅದೂ ಹೋಗ್ತೈತಿ."

"ಮತ್ತ ನಾವು ದಿನಾ ತಿನ್ನೂದು ಜ್ವಾಳದ ರೊಟ್ಟಿ. ಹಬ್ಬಕ್ಕೊಮ್ಮೆ ಬರೂ ಗೋದಿಗೆ ಇಷ್ಟ ಉಪಚಾರ ಯಾಕ?"

"ಜ್ವಾಳದಾಗೂ ಆ ಕಂಜೂಸ ಅದಾನ್ರಿ. ಆದ್ರ ಸರ್ಕಾರ ನನ್ನ ಕೈಯಾಗ ಗೋದಿ ಕೊಟ್ಟೈತಿ," ಎಂದು ಅವನು ಎದ್ದು ಹೋಗಿದ್ದ.

ಸಾತಲಿಂಗಪ್ಪನ ಹೆಂಡತಿ ಗುರುಬಾಯಿ ಪ್ಯಾಟೆಯಲ್ಲಿ ಬೆಳೆದವಳು. ರೊಟ್ಟಿ ಅವಳಿಗೆ ಅಷ್ಟಕ್ಕಷ್ಟೇ, ದಿನಾ ಚಪಾತಿ ಬೇಕು. ಫಾರ್ಮಿನಲ್ಲಿ ಇರಲು ಮನೆ ಸಿಕ್ಕಿರಲಿಲ್ಲವಾದ್ದರಿಂದ ವಾಗದರಿಯಲ್ಲೇ ಇದ್ದಳು. ನಾಲ್ಕು ವರ್ಷದ ಹಿಂದೆ ಅವಳ ಚೊಚ್ಚಲ ಹೆರಿಗೆಯಲ್ಲಿ ಕೂಸು ಉಳಿಯಲಿಲ್ಲ, ಅವಳೂ ಸ್ವಲ್ಪದರಲ್ಲಿ ಉಳಿದಳು. ಮೈಯಲ್ಲಿ ರಕ್ತವೇ ಇಲ್ಲ ಅಂದಿದ್ದರು ಡಾಕ್ಟರು. ಅಂದಿನಿಂದ ಮುಖ ತೊಳೆದಿಟ್ಟ ಹಾಗೆ ಬೆಳ್ಳಗೆ, ಮಾತೂ ಕಮ್ಮಿ. ಗಂಡ ಹಬ್ಬಕ್ಕೆ ಬಂದಾಗ ಚೀಲದಲ್ಲೂ ಗೋದಿ, ಬಾಯಲ್ಲೂ ಗೋದಿ. "ನಿನ್ನ ಸವತಿ ಬಂದಾಳ ನೋಡ" ಎಂದು ಸುಗಲಾಬಾಯಿ ಚೀಲ ತೋರಿಸಿ ಕಾಡುತ್ತಿದ್ದಳು. ಮೊದಮೊದಲು ಗುರುಬಾಯಿ ನಗುತ್ತಿದ್ದಳು. ಈಚೆಗೆ ನಗುತ್ತಿರಲಿಲ್ಲ.

ಆ ವರ್ಷ ದೀಪಾವಳಿಗೆ ಸಾತಲಿಂಗಪ್ಪ ಒಂದು ಸಣ್ಣ ಬಟ್ಟೆಯ ಚೀಲವನ್ನು ಎದೆಗೆ ಅವಚಿಕೊಂಡು ಬಂದ. ನಾಲ್ಕು ವರ್ಷ ಲಗ್ನ ಮಾಡಿಸಿ, ಆರಿಸಿ, ಮತ್ತೆ ಬಿತ್ತಿ, ಕಡೆಗೆ ಕಂಜೂಸತನ ನಿಜವಾಗಿಯೂ ಕಮ್ಮಿ ಕಂಡ ಗೋದಿ ಅದು. ಕಮ್ಮಿ ಇದೆಯೋ ಇಲ್ಲವೋ ನೋಡಬೇಕಾದರೆ ಕಾಳನ್ನು ಬೀಸಿಯೇ ನೋಡಬೇಕು. ಹಾಗೆ ಬೀಸಿ ಉಳಿದದ್ದು ಈ ಚೀಲದಲ್ಲಿದ್ದಷ್ಟೇ. ಅವನ ಸಾಹೇಬರಿಗೆ ಎಕರೆಗೆ ಎಷ್ಟು ಚೀಲ ಬರುತ್ತದೆ ಎಂಬುದೊಂದೇ ಚಿಂತೆ. ಈ ಸೊಟ್ಟ ಕಾಳಿಗೆ ಫಾರ್ಮಿನಲ್ಲಿ ಜಾಗ ಇಲ್ಲ ಅಂದರು. ಅದಕ್ಕೇ ಮನೆಯ ಬಾವಿ ಹೊಲದಲ್ಲಿ ಒಂದು ಮಡಿ ಬಿತ್ತಲು ತಂದಿದ್ದ.

"ವೈನಿ, ಇದ ನನ್ನ ಜೀವ. ಇದ ಹೋತಂದ್ರ ಎಲ್ಲಾ ಮೊದಲಿಂದ."

"ದೇವರ ಜಗಲಿ ಮ್ಯಾಲೆ ಇಡ. ಅಲ್ಲಿ ಇಲಿನೂ ಬರಂಗಿಲ್ಲ, ನಿಮ್ಮಣ್ಣನೂ ಬರಂಗಿಲ್ಲ," ಎಂದಳು ಸುಗಲಾಬಾಯಿ.

ಮರುದಿನ ಅಣ್ಣ ತಮ್ಮ ಇಬ್ಬರೂ ಮಡಿ ಕಟ್ಟಲು ಹೊಲಕ್ಕೆ ಹೋಗಿದ್ದಾಗ, ಅಕ್ಕಲಕೋಟಕ್ಕೆ ದೇವರ ದರ್ಶನಕ್ಕೆ ಬಂದಿದ್ದ ಉಮಾಬಾಯಿ ಹಾಗೇ ವಾಗದರಿಗೂ ಬಂದಳು. ಚಹಾ ಆಯಿತು, ಅವಲಕ್ಕಿ ಚೂಡಾ ಆಯಿತು, ಮಾತಾಯಿತು. ಹೊರಡುವ ಹೊತ್ತಿಗೆ ಸುಗಲಾಬಾಯಿ ಗೋದಿಯ ಡಬ್ಬಿ ತೆಗೆಯಲು ಹೋದರೆ ಡಬ್ಬಿಯೇ ಇಲ್ಲ. ಬೆಳಿಗ್ಗೆ ಗಿರಣಿಗೆ ಹೋಗಿತ್ತು. ಉಳಿದ ಗೋದಿ ಅಟ್ಟದ ಮೇಲೆ, ಬಾಯಿ ಹೊಲಿದ ಮೂಟೆಯಲ್ಲಿ. ಹೊರಗೆ ಉಮಾಬಾಯಿಯ ಗಂಡ ಬಸ್ಸು ತಪ್ಪುತ್ತದೆಂದು ಕೆಮ್ಮುತ್ತಿದ್ದ. ಜೋಳದಲ್ಲಿ ಉಡಿ ತುಂಬಿದರೆ ಉಮಾಬಾಯಿ ಆ ಸುದ್ದಿಯನ್ನು ಸೊಲ್ಲಾಪುರ ದಾಟಿಸಿ ಪಂಢರಪುರಕ್ಕೂ ಮುಟ್ಟಿಸುವವಳು.

ಸುಗಲಾಬಾಯಿಯ ಕಣ್ಣು ದೇವರ ಜಗಲಿಯ ಮೇಲೆ ಹೋಯಿತು. ಮೈದುನನ ಗೋದಿ ಅಂತ ಅವಳಿಗೆ ನೆನಪಿರಲಿಲ್ಲವೆಂದಲ್ಲ, ಚೆನ್ನಾಗಿಯೇ ನೆನಪಿತ್ತು. ಆದರೆ ಗೋದಿಗೆ ಗೋದಿ, ಅಳತೆಗೆ ಅಳತೆ. ಕೈಗಡ ತಂದ ಮೇಲೆ ಹೊಳ್ಳಿಸಲಿಕ್ಕೆ ಅವಳಿಗೇನು ಯಾರಾದರೂ ಕಲಿಸಬೇಕೆ? ಐದು ಬೊಗಸೆ ತುಂಬಿದಳು. ಐದನೆಯದು ತುಸು ಸಣ್ಣದೆನಿಸಿ ಚೀಲವನ್ನೇ ಬೋರಲು ಹಾಕಿ ಕೊಡವಿದಳು. ಉಮಾಬಾಯಿ ತುಂಬಿದ ಉಡಿ ಹಿಡಿದು ಬಾಗಿ ನಡೆದದ್ದನ್ನು ಕಣ್ಣು ತುಂಬ ನೋಡಿ, ಅಟ್ಟ ಹತ್ತಿ, ಮೂಟೆ ಬಿಚ್ಚಿ, ಆರಿಸಿದ ದುಂಡನೆಯ ಬನ್ಸಿ ಗೋದಿಯನ್ನು ಚೀಲಕ್ಕೆ ಬಾಯಿಮಟ ಹಾಕಿದಳು. ಒಂದು ಹಿಡಿ ಹೆಚ್ಚಿಗೆಯೇ.

ಮಡಿಯ ನೆಲ ಹದಕ್ಕೆ ಬಂದ ದಿನ ಬೆಳಿಗ್ಗೆ ಸಾತಲಿಂಗಪ್ಪ ಚೀಲ ಬಿಚ್ಚಿ ಕೈ ಹಾಕಿದ. ಕೈ ಹೊರಗೆ ತೆಗೆದ. ಅಂಗೈಯ ಕಾಳುಗಳನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದ.

"ವೈನಿ, ಇದ ಯಾವ ಗೋದಿ?"

"ಹೆಂಗೈತಿ?" ಎಂದಳು ಸುಗಲಾಬಾಯಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ. "ನಿಂದು ಸೊಟ್ಟ ಸೊಟ್ಟ ಇತ್ತಪ್ಪ. ಉಮಾಬಾಯಾರ ಉಡಿಗೆ ಅದನ್ನ ಹಾಕಿ, ನಿನಗ ಛಲೋ ಬನ್ಸಿ ಹಾಕೀನಿ. ಒಂದೊಂದ ಕಾಳ ನೋಡ, ಬಂಗಾರ!"

ಸಾತಲಿಂಗಪ್ಪ ಬೈಯಲಿಲ್ಲ. ಬೈದಿದ್ದರೆ ಅವಳಿಗೆ ತಿರುಗಿ ಬೈಯಲು ಬರುತ್ತಿತ್ತು. ಅವನು ಅಲ್ಲೇ ಜಗಲಿಯ ಮುಂದೆ ನೆಲಕ್ಕೆ ಕುಳಿತ. ಸಾಲೆಯಲ್ಲಿ ನಾಪಾಸಾದ ದಿನವೂ ಹೀಗೇ ಕುಳಿತಿದ್ದ. ಗೋದಿಗೆ ಗೋದಿ ಅಲ್ಲ ಎಂದು ಸುಗಲಾಬಾಯಿಗೆ ಆಗ ತಿಳಿಯಿತು, ಮೂರು ದಿನ ತಡವಾಗಿ.

"ಏಳ," ಎಂದಳು. "ಸೊಲ್ಲಾಪುರಕ್ಕ ಹೋಗೋಣ."

ಗುರುಬಾಯಿಗೆ ಹೇಗೂ ಸೊಲ್ಲಾಪುರದ ಡಾಕ್ಟರಿಗೆ ತೋರಿಸುವುದಿತ್ತು. ಅವಳನ್ನೂ ಎಬ್ಬಿಸಿ ಹೊರಡಿಸಿದರು. ಎಸ್.ಟಿ. ಬಸ್ಸಿನಲ್ಲಿ ಸುಗಲಾಬಾಯಿಗೆ ಒಂದೇ ಯೋಚನೆ. ತುಂಬಿದ ಉಡಿಯನ್ನು ಹೊಳ್ಳಿ ಕೇಳುವುದು ಅಂದರೆ ಮುತ್ತೈದೆಯ ಹಣೆಯ ಕುಂಕುಮವನ್ನು ಹೊಳ್ಳಿ ಕೇಳಿದಂತೆ. ಅವಳ ಏಳು ತಲೆಯಲ್ಲಿ ಯಾರೂ ಕೇಳಿರಲಿಲ್ಲ. ಅದರಲ್ಲೂ ಉಮಾಬಾಯಿಯನ್ನು! ಮತ್ತೊಂದು ಭಯವೂ ಇತ್ತು. ಉಡಿಯ ಗೋದಿಯನ್ನು ಯಾರೂ ಬಹಳ ದಿನ ಇಡುವುದಿಲ್ಲ, ಸಿಹಿ ಮಾಡಿ ಉಂಡುಬಿಡುತ್ತಾರೆ.

ಉಮಾಬಾಯಿ ಬಾಗಿಲಲ್ಲೇ ನಕ್ಕು ಕರೆದಳು. "ಬರ್ರಿ ಬರ್ರಿ, ಏನ ಅಪರೂಪಾ! ಹುಗ್ಗಿ ಉಂಡ ಹೋಗಾಕ ಬಂದಂಗಾತು. ನೀವ ತುಂಬಿದ ಗೋದೀನ ನಿನ್ನಿ ಸಂಜಿಕ ನೆನಿ ಹಾಕೀನಿ. ಈಗ ಕುಟ್ಟಬೇಕು."

ಹಿತ್ತಲಲ್ಲಿ ಒರಳು ತೊಳೆಯುವ ಸಪ್ಪಳ ಕೇಳುತ್ತಿತ್ತು. ಸುಗಲಾಬಾಯಿ ಕೂತಳು, ನೀರು ಕುಡಿದಳು, ಚಳಿ ಸುರುವಾಯಿತು ಅಂದಳು, ತೊಗರಿಗೆ ಹುಳ ಬಿದ್ದದ್ದನ್ನು ಹೇಳಿದಳು. ಕೇಳಬೇಕಾದ ಮಾತೊಂದನ್ನು ಬಿಟ್ಟು ಎಲ್ಲವನ್ನೂ ಆಡಿದಳು. ಹಿತ್ತಲಿನಿಂದ ಒನಕೆ ಗೋಡೆಗೆ ತಾಕಿದ ಸದ್ದು ಬಂದದ್ದೇ ಸಾತಲಿಂಗಪ್ಪ ಎದ್ದು ನಿಂತ.

"ಉಮಾಬಾಯಾರ, ಕುಟ್ಟಬ್ಯಾಡ್ರಿ! ಆ ಗೋದಿ ಹೊಳ್ಳಿ ಬೇಕ್ರಿ ನಮಗ!"

ಉಮಾಬಾಯಿಯ ಮುಖದ ನಗೆ ಒಳಗೆ ಹೋಯಿತು. "ಉಡಿ ಹೊಳ್ಳಿ ಕೇಳಾಕ ಬಂದೀರೇನ್ರಿ, ಸುಗಲಾಬಾಯಾರ?"

ಸಾತಲಿಂಗಪ್ಪ ಫೈಟಿಕ್ ಆಸಿಡ್ಡಿನಿಂದ ಸುರು ಮಾಡಿದ. ಕಬ್ಬಿಣ ಅಂದ, ಜಿಂಕ್ ಅಂದ, ತೆನೆ ಅಂದ, ತಳಿ ಅಂದ. ಉಮಾಬಾಯಿ ಕೇಳಿದ್ದು ಒಂದೇ: "ಹೊಟ್ಟ ಸಾಣಿಸಿ ಚೆಲ್ಲಿದ್ರ ಆತಲ್ರಿ?" ಅವನು ತಲೆ ಹಿಡಿದುಕೊಂಡ.

ಆಗ ಸುಗಲಾಬಾಯಿ ಬಾಯಿ ಬಿಟ್ಟಳು. "ಅವಂದೇನೂ ತಪ್ಪಿಲ್ಲರಿ. ಅವತ್ತ ಕೈಗೆ ಸಿಗೂವಂಗ ಗೋದಿ ಇದ್ದಿದ್ದಿಲ್ಲ. ನಿಮಗ ಕಮ್ಮಿ ಆಗಬಾರದಂತ, ಅಂವ ಬೀಜಕ್ಕ ಇಟ್ಟಿದ್ದನ್ನ ಎತ್ತಿ ನಿಮ್ಮ ಉಡಿಗೆ ಹಾಕೀನಿ. ನಾಕ ವರ್ಷದ ದುಡಿಮಿ ಅದು, ಎಲ್ಲೂ ಮತ್ತ ಸಿಗಂಗಿಲ್ಲ. ನಂದ ತಪ್ಪಾತ್ರಿ."

ಉಮಾಬಾಯಿ ಒಳಗಿನ ಕೋಣೆಯ ಕಡೆ ತಿರುಗಿ ಗಂಡನನ್ನು ಕರೆದಳು. "ಕೇಳಿದ್ರೇನ್ರಿ? ಇಲ್ಲೆ ಬರ್ರಿ ಒಂದೀಟ. ಸುಗಲಾಬಾಯಾರ ತಪ್ಪಾತು ಅಂದ್ರು!" ಮತ್ತೆ ಇವಳ ಕಡೆ ತಿರುಗಿ, "ಇನ್ನೊಮ್ಮೆ ಅನ್ರಿ ಅಕ್ಕಾರ, ಇವರಿಗೂ ಕೇಳಸಲಿ."

ಸುಗಲಾಬಾಯಿ ಹಲ್ಲು ಕಚ್ಚಿಕೊಂಡು ಇನ್ನೊಮ್ಮೆ ಅಂದಳು. ಅಡತಿ ಸಾವಕಾರರು ಏನೂ ತಿಳಿಯದೆ, ಏನೋ ದೊಡ್ಡದೇ ಆಗಿದೆ ಎಂದುಕೊಂಡು ಕೈ ಮುಗಿದು ಒಳಗೆ ಹೋದರು.

"ಉಡಿ ಹೊಳ್ಳಿ ಕೊಡೂ ಪದ್ಧತಿ ಇಲ್ಲ," ಎಂದಳು ಉಮಾಬಾಯಿ. "ತುಂಬಿದಾಕಿಗೇ ಅದ ಗೋದೀಲೆ ಹೊಳ್ಳಿ ತುಂಬೂದೂ ಇಲ್ಲ. ಆದ್ರ ನಮ್ಮನಿಗೆ ಬಂದ ಮುತ್ತೈದಿ ಬರೇ ಉಡೀಲೆ ಹೋಗೂದೂ ಪದ್ಧತಿ ಅಲ್ಲ." ಎಂದವಳು, ಮೂಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದ ಗುರುಬಾಯಿಯನ್ನು ನೋಡಿದಳು. "ನೀ ಏಳವಾ. ಮಣೀ ಮ್ಯಾಲೆ ಕೂಡ."

ನೆನೆದ ಗೋದಿಯ ಬುಟ್ಟಿ ಹಿತ್ತಲಿನಿಂದ ಒಳಗೆ ಬಂತು. ಸಾತಲಿಂಗಪ್ಪ ಬಗ್ಗಿ ನೋಡಿದ. ಕಾಳುಗಳು ಉಬ್ಬಿ, ಒಂದು ತುದಿಯಲ್ಲಿ ಸೂಜಿಯ ಮೊನೆಯಷ್ಟು ಬಿಳಿ ಮೊಳಕೆ ಇಣುಕಿತ್ತು. "ಜೀವ ಐತಿ! ಆದ್ರ ಇವತ್ತ ಮಣ್ಣಿಗೆ ಬೀಳಬೇಕು. ಒಣಗಿದ್ರ ಸಾಯ್ತೈತಿ." ಉಮಾಬಾಯಿ ಅವನ ಮಾತಿಗೆ ಕಿವಿಗೊಡದೆ ಗುರುಬಾಯಿಯ ಹಣೆಗೆ ಕುಂಕುಮ ಹಚ್ಚಿ, ಖಣ ಇಟ್ಟು, ಕಾಯಿ ಇಟ್ಟು, ತೊಟ್ಟಿಕ್ಕುವ ಗೋದಿಯನ್ನು ಬೊಗಸೆ ಬೊಗಸೆಯಾಗಿ ಸೆರಗಿಗೆ ಸುರಿದಳು. ಉಡಿ ತುಂಬಿಸಿಕೊಂಡವಳು ನಾಲ್ಕು ಕಾಳನ್ನು ತುಂಬಿದವಳ ತಟ್ಟೆಗೆ ಹಾಕಬೇಕು, ಆ ಮನೆಯೂ ಬರಿದಾಗಬಾರದಲ್ಲ. ಗುರುಬಾಯಿ ಹಾಕಿದಳು. ತಟ್ಟೆಗೆ ಬೀಳುವ ಒಂದೊಂದು ಕಾಳನ್ನೂ ಸಾತಲಿಂಗಪ್ಪ ಕಳಕೊಂಡ ಮಗುವನ್ನು ನೋಡುವಂತೆ ನೋಡಿ ಬಾಯಿ ತೆರೆದ. ಸುಗಲಾಬಾಯಿ ಅವನ ರಟ್ಟೆ ಚಿವುಟಿದಳು.

ಆಮೇಲೆ ಉಮಾಬಾಯಿ ಸುಗಲಾಬಾಯಿಯ ಉಡಿಯನ್ನೂ ತುಂಬಿದಳು. ಐದು ಬೊಗಸೆ, ರೇಶನ್ ಅಂಗಡಿಯ ಗೋದಿ. "ಗೋದಿಗೆ ಗೋದಿ ಆತಲ್ರಿ," ಎಂದಳು. ಸುಗಲಾಬಾಯಿ ಒಂದು ಮಾತೂ ಆಡದೆ ಕಟ್ಟಿಕೊಂಡಳು. ಅಂದಿನ ಮಟ್ಟಿಗೆ ಆಡುವ ಹಕ್ಕು ಅವಳಿಗಿರಲಿಲ್ಲ.

ಡಾಕ್ಟರನ್ನು ಮರುದಿನಕ್ಕೆ ಬಿಟ್ಟು ಬಸ್ಸು ಹತ್ತಿದರು. ಗುರುಬಾಯಿಯ ಉಡಿಯಿಂದ ನೀರು ಇಳಿದು ಸೀರೆಯ ನೆರಿಗೆ ತೋಯ್ದು ಬಸ್ಸಿನ ಹಲಗೆಯ ಮೇಲೆ ಸಣ್ಣ ಹಳ್ಳ ಹರಿಯಿತು. "ಕಾಯ್ ಬಾಯಿ, ಪಾಣೀ ಕಸಲಂ ಹೇ?" ಇದೇನು ನೀರು ಎಂದು ಕಂಡಕ್ಟರು ಮರಾಠಿಯಲ್ಲಿ ಕೇಳಿದ. "ಗವ್ಹಾಚಂ," ಎಂದಳು ಗುರುಬಾಯಿ, ಗೋದಿಯದು. ಕಂಡಕ್ಟರು ಮತ್ತೆ ಆ ಕಡೆ ಬರಲಿಲ್ಲ. "ಹಿಂಗ ತೊಯ್ಸಿಕೊಂಡು ಕೂಡೂದು ಬ್ಯಾಡ, ನನ್ನ ಟವೆಲಿಗೆ ಹಾಕ," ಎಂದು ಸಾತಲಿಂಗಪ್ಪ ಬೇಡಿಕೊಂಡ. ಅವಳು ಸೆರಗನ್ನು ಇನ್ನಷ್ಟು ಬಿಗಿ ಹಿಡಿದಳು.

ಅಕ್ಕಲಕೋಟದಲ್ಲಿ ಬಸ್ಸು ಬದಲಿಸಿ ವಾಗದರಿಗೆ ಇಳಿದಾಗ ಹೊತ್ತು ಇಳಿಮುಖವಾಗಿತ್ತು. ಮನೆಗೂ ಹೋಗದೆ ನೆಟ್ಟಗೆ ಹೊಲಕ್ಕೆ ನಡೆದರು. ಹದವಾದ ಮಡಿ ಹಾಗೇ ಕಾಯುತ್ತಿತ್ತು. ಸಾತಲಿಂಗಪ್ಪ ಎರಡೂ ಕೈ ಚಾಚಿದ.

"ಕೊಡ, ನಾ ಊರ್ತೀನಿ. ಗೇಣಿಗೊಂದ ಕಾಳ, ಸಾಲ ಹಿಡದ ಊರಬೇಕು."

"ಉಡಿ ನಂದು. ನಾನ ಊರ್ತೀನಿ," ಎಂದಳು ಗುರುಬಾಯಿ. "ನೀವ ತೂತ ಮಾಡ್ರಿ."

ಸುಗಲಾಬಾಯಿ ಬದುವಿನ ಮೇಲೆ ಕೂತು ಕಾಲು ಚಾಚಿದಳು. ಅವನು ಮುಂದೆ ಮುಂದೆ ಬಗ್ಗಿ ಕೋಲಿನಿಂದ ತೂತು ಮಾಡುವುದು, ಇವಳು ಹಿಂದೆ ಹಿಂದೆ ಉಡಿಯಿಂದ ಒಂದೊಂದು ಕಾಳು ಹಾಕಿ ಹೆಬ್ಬೆರಳಿನಿಂದ ಮಣ್ಣು ಮುಚ್ಚುವುದು. ಸ್ವಲ್ಪ ಹೊತ್ತು ಹೀಗೇ ನಡೆಯಿತು. ಕೆಲಸ ಸಾಗಿದ್ದೇ ಸಾತಲಿಂಗಪ್ಪನಿಗೆ ಉಸಿರು ಬಂತು, ಉಸಿರಿನ ಜೊತೆ ಮಾತೂ ಬಂತು. ಬೆಳೆ ಕೈಗೆ ಬಂದ ಮೇಲೆ ಎಲ್ಲವನ್ನೂ ಒಯ್ಯಬೇಕು, ಅರ್ಧ ಬೀಸಿ ತಪಾಸಣೆ ಮಾಡಬೇಕು, ಉಳಿದರ್ಧ ಬೀಜಕ್ಕೆ ಇಡಬೇಕು, ಸಾಹೇಬರಿಗೆ ತೋರಿಸಬೇಕು.

ಗುರುಬಾಯಿ ಸಾಲಿನ ನಡುವೆ ನಿಂತಳು.

"ಎಲ್ಲಾ ಕೊಡಂಗಿಲ್ಲ."

"ಅಂದ್ರ?"

"ನಾಕ ವರ್ಷಾತು. ಊರಿಗೆ ಬಂದ್ರ ಇದರದ ಮಾತು, ಹೋಗುವಾಗ ಇದರದ ಮಾತು. ಯಾರ ಸಲುವಾಗಿ ಇದು? ನಿಮ್ಮ ಸಾಹೇಬರ ಸಲುವಾಗಿ ಏನು? ಇದರಾಗಿನ ಒಂದ ಕಾಳರ ನನ್ನ ಬಾಯಿಗೆ ಬಿದ್ದೈತಿ?"

ಇಷ್ಟು ಮಾತು ಅವಳು ಒಟ್ಟಿಗೆ ಆಡಿದ್ದನ್ನು ಸುಗಲಾಬಾಯಿ ಕೇಳಿ ವರ್ಷಗಳಾಗಿದ್ದವು. ಸಾತಲಿಂಗಪ್ಪ ಕೋಲು ಹಿಡಿದು ಬಗ್ಗಿದವನು ಬಗ್ಗಿದಂತೆಯೇ ಇದ್ದ. ನೆಲವನ್ನೇ ನೋಡುತ್ತ ಹೇಳಿದ:

"ಅವತ್ತ ಡಾಕ್ಟರು ಅಂದ್ರಲ್ಲ, ಮೈಯಾಗ ರಕ್ತ ಇಲ್ಲ ಅಂತ. ನೀ ದಿನಾ ಚಪಾತಿ ತಿಂತಿದ್ದಿ. ನಾ ಗೋದಿ ಬೆಳಿಯಾಂವ, ಗುರುಬಾಯಿ. ದವಾಖಾನಿ ಹೊರಗ ಬೆಂಚಿನ ಮ್ಯಾಲೆ ಕೂತು ವಿಚಾರ ಮಾಡಿದ್ನಿ. ಮತ್ತೇನ ಮಾಡಾಕ ಬರ್ತೈತಿ ನನಗ?"

ಬದುವಿನ ಮೇಲೆ ಸುಗಲಾಬಾಯಿ ಚಾಚಿದ ಕಾಲು ಮಡಚಿಕೊಂಡಳು. ಗೋದಿಯ ಲಗ್ನದ ಬಗ್ಗೆ ಊರೆಲ್ಲ ಹೇಳಿ ನಕ್ಕವಳು ಅವಳು. ಅದು ಈ ಹುಡುಗಿಗಾಗಿ ಎಂಬುದು ಒಂದು ದಿನವೂ ಹೊಳೆದಿರಲಿಲ್ಲ, ಅವನೂ ಹೇಳಿರಲಿಲ್ಲ. ಎತ್ತಿನ ಹಗ್ಗ ಹಿಡಿದು ಬಾವಿಯ ಕಡೆಯಿಂದ ಬರುತ್ತಿದ್ದ ತನ್ನ ಗಂಡನಿಗೆ, ಈ ಕಡೆ ಬರಬೇಡಿ ಎಂದು ಕೈಬೀಸಿ ಹೇಳಿದಳು.

ಗುರುಬಾಯಿ ಕೆಸರು ಮೆತ್ತಿದ ಕೈಯ ಹಿಂಬದಿಯಿಂದ ಕಣ್ಣು ಒರೆಸಿಕೊಂಡಳು. ಹಣೆಯ ಕುಂಕುಮದ ಪಕ್ಕಕ್ಕೆ ಮಣ್ಣೂ ಹತ್ತಿತು.

"ಇಷ್ಟ ಹೇಳಾಕ ನಾಕ ವರ್ಷ ಬೇಕಾತೇನು?" ಎಂದಳು. ಆಮೇಲೆ ಉಡಿಯನ್ನು ಮೇಲಕ್ಕೆ ಸೆಳೆದುಕೊಂಡು, "ಮುಂದಿನ ತೂತ ಮಾಡ್ರಿ, ಹೊತ್ತ ಮುಳಗ್ತೈತಿ," ಎಂದಳು.